ಬ್ಲೂಸ್ ನುಡಿಸಲು ಎಷ್ಟು ವಾಟ್ ಬೇಕು?

ಎಲ್ಲರಿಗೂ ನಮಸ್ಕಾರ.

ಗಿಟಾರ್ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವಾಟ್ ಎಂದು. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಆ ಪ್ರಶ್ನೆಯ ಹಿಂದೆ ಇರುತ್ತದೆ. ಅಮೆರಿಕದ ಆಫ್ರಿಕನ್ ಮೂಲದವರು ಹುಟ್ಟುಹಾಕಿದ ಬ್ಲೂಸ್ ಸಂಗೀತವನ್ನು ನುಡಿಸುವವರು ಅದನ್ನು ತಿರುವಿ ಹಾಕಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ: ನಾನು ನುಡಿಸುವ ಜಾಗದಲ್ಲಿ, ಅಲ್ಲಿಗೆ ಒಪ್ಪುವ ಜೋರಿನಲ್ಲಿ, ಆಂಪ್ ತನ್ನ ಶಕ್ತಿಯ ಅಂಚಿಗೆ ಬಂದು ನಿಲ್ಲಬೇಕಾದರೆ ಎಷ್ಟು ಕಡಿಮೆ ವಾಟ್ ಸಾಕು? ಇಂದಿನ ಮಾತೆಲ್ಲ ಈ ಅಂಚಿನ ಸುತ್ತಲೇ ನಡೆಯುತ್ತದೆ. ಹಾಗಾಗಿ ಮೊದಲು ಅದನ್ನೇ ಕೇಳಿಸಿಬಿಡುತ್ತೇನೆ.

ನನ್ನ ಎಡಗಡೆ ಇರುವ ಚಿಕ್ಕ ಪೆಟ್ಟಿಗೆ 5 ವಾಟ್‌ನದು. ಫೆಂಡರ್ ಕಂಪನಿ 1950ರ ದಶಕದಲ್ಲಿ ತಯಾರಿಸಿದ ಟ್ವೀಡ್ ಚಾಂಪ್‌ನ 5ಎಫ್1 ಸರ್ಕಿಟ್ ಅನುಸರಿಸಿ ಕಟ್ಟಿದ್ದು. ಒಳಗೆ ಮೂರೇ ಟ್ಯೂಬ್‌ಗಳು, ಅಂದರೆ ಗಾಳಿ ತೆಗೆದ ಗಾಜಿನ ಬುರುಡೆಗಳು. ಗಿಟಾರ್‌ನ ಸಣ್ಣ ಸಂಕೇತವನ್ನು ಹಿಗ್ಗಿಸಲು ಒಂದು 12ಎಎಕ್ಸ್7, ಸ್ಪೀಕರ್ ನಡೆಸಲು ಒಂದು 6ವಿ6, ಎಸಿ ವಿದ್ಯುತ್ತನ್ನು ಡಿಸಿ ಮಾಡಲು ಒಂದು 5ವೈ3. ಸ್ಪೀಕರ್ ಎಂಟು ಇಂಚಿನದು. ನಿಯಂತ್ರಣಕ್ಕೆ ವಾಲ್ಯೂಮ್ ನಾಬ್ ಒಂದೇ. ಬಾಸ್ ಇಲ್ಲ, ಟ್ರೆಬಲ್ ಇಲ್ಲ.

(ವೇದಿಕೆಯ ಮೇಲೆ ನುಡಿಸಿ ತೋರಿಸಿದ್ದನ್ನು ಬರಹದಲ್ಲಿ ಹೀಗೆ ಹೇಳಬಹುದು. ನಾಬ್ ಮೂರರಲ್ಲಿದ್ದಾಗ ಮೂರನೆಯ ತಂತಿಯನ್ನು ಏಳನೆಯ ಫ್ರೆಟ್‌ನಲ್ಲಿ ಒತ್ತಿ, ಮೀಟಿ, ಎಳೆದು ಒಂದು ಪೂರ್ಣ ಸ್ವರ ಏರಿಸಿದರೂ ದನಿ ತಿಳಿಯಾಗಿಯೇ ಇತ್ತು. ಆರಕ್ಕೆ ತಂದು ಅದೇ ಸ್ವರವನ್ನು ಬೆರಳಿನ ತುದಿಯಿಂದ ಮೀಟಿದಾಗಲೂ ತಿಳಿ. ಪಿಕ್ ಹಿಡಿದು ಬಲವಾಗಿ ಮೀಟಿದಾಗ ಮಾತ್ರ ಸ್ವರದ ಮೊದಲ ಭಾಗ ಒಡೆದು ಗೊಗ್ಗರಾಯಿತು, ಕ್ಷೀಣಿಸುತ್ತ ಹೋದಂತೆ ಮತ್ತೆ ತಿಳಿಯಾಯಿತು. ಆಂಪ್ ಮುಟ್ಟದೆ ಗಿಟಾರ್‌ನ ವಾಲ್ಯೂಮನ್ನು ಹತ್ತರಿಂದ ಆರಕ್ಕೆ ಇಳಿಸಿದಾಗ ಒಡಕು ಪೂರ್ತಿ ಮಾಯವಾಯಿತು. ಜೋರು ಮಾತ್ರ ಸ್ವಲ್ಪವೇ ಕಡಿಮೆಯಾಯಿತು.)

ಈಗ ಕೇಳಿದಿರಲ್ಲ, ಅದೇ ಅಂಚು. ಬ್ಲೂಸ್ ಹಾಡುಗಾರರು ಪಲುಕನ್ನು ಮೆಲ್ಲಗೆ ಆರಂಭಿಸಿ, ನೋವು ಏರಿದಾಗ ಗಂಟಲು ಒಡೆಯುವಂತೆ ಕೂಗಿ, ಮತ್ತೆ ತಗ್ಗಿಸುತ್ತಾರೆ. ಗಿಟಾರ್ ಅದನ್ನೇ ಮಾಡಬೇಕಾದರೆ ಒಡೆಯುವುದೂ ಒಡೆಯದಿರುವುದೂ ಬಲಗೈಯ ವಶದಲ್ಲಿರಬೇಕು. ಸದಾ ತಿಳಿಯಾಗಿರುವ ಆಂಪ್‌ನಲ್ಲಿ ಅದು ಸಾಧ್ಯವಿಲ್ಲ, ಸದಾ ಒಡೆದೇ ಇರುವ ಆಂಪ್‌ನಲ್ಲಂತೂ ಇನ್ನೂ ಇಲ್ಲ.

ಈ ನಾದ ಯಾರೋ ಕುಳಿತು ವಿನ್ಯಾಸ ಮಾಡಿದ್ದಲ್ಲ. ಬ್ಲೂಸ್ ಹಾಡುಗಾರ, ಗಿಟಾರ್ ವಾದಕ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಶಿಕಾಗೊಗೆ ಬಂದವರು. ಅಲ್ಲಿನ ಕ್ಲಬ್‌ಗಳ ಗದ್ದಲದಲ್ಲಿ ಅಕೂಸ್ಟಿಕ್ ಗಿಟಾರ್ ಕೇಳಿಸುತ್ತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಅನಿವಾರ್ಯವಾಯಿತು. ಆ ಕಾಲದ ಆಂಪ್‌ಗಳು ಇಂದಿನ ಲೆಕ್ಕದಲ್ಲಿ ಪುಟಾಣಿಗಳು. ಜನರ ಮಾತು, ಡ್ರಮ್, ಪಿಯಾನೊಗಳನ್ನು ಮೀರಲು ಅವುಗಳನ್ನು ತುಂಬ ತಿರುಗಿಸಲೇಬೇಕಿತ್ತು, ತಿರುಗಿಸಿದರೆ ನಾದ ಒಡೆಯುತ್ತಿತ್ತು. ಮಡ್ಡಿ ವಾಟರ್ಸ್ ತಂಡದ ಲಿಟ್ಲ್ ವಾಲ್ಟರ್ ಹಾರ್ಮೋನಿಕಾವನ್ನೂ ಮೈಕನ್ನೂ ಒಟ್ಟಿಗೆ ಎರಡೂ ಅಂಗೈಗಳಲ್ಲಿ ಮುಚ್ಚಿ ಹಿಡಿದು ಆಂಪ್ ಮೂಲಕ ಊದಿದಾಗ, ಆ ಪುಟ್ಟ ವಾದ್ಯ ಸ್ಯಾಕ್ಸೊಫೋನ್‌ನಷ್ಟು ದಪ್ಪಗಾಯಿತು. 1951ರಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೊಗೆ ಐಕ್ ಟರ್ನರ್ ತಂಡ ಬಂದಾಗ ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್ ಅವರ ಆಂಪ್ ದಾರಿಯಲ್ಲೇ ಪೆಟ್ಟು ತಿಂದಿತ್ತು. ಕೆಟ್ಟ ಸ್ಪೀಕರ್‌ಗೆ ಕಾಗದ ತುರುಕಿ ಹಾಗೆಯೇ ಧ್ವನಿಮುದ್ರಣ ಮಾಡಿದರು. ಆ ಒಡಕನ್ನು ಸರಿಪಡಿಸದೆ ಉಳಿಸಿಕೊಂಡ ಫಿಲಿಪ್ಸ್ ಅವರ ಕಿವಿಗೆ ನಾವೆಲ್ಲರೂ ಋಣಿಗಳು.

ಈಗ ವಾಟ್ ಲೆಕ್ಕಕ್ಕೆ ಬರೋಣ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ವಾಟ್ ದುಪ್ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬಲ್. ಅದು ಗಮನಕ್ಕೆ ಬರುವಷ್ಟು ವ್ಯತ್ಯಾಸ, ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಆದ್ದರಿಂದ 50 ವಾಟ್‌ನ ಆಂಪ್‌ಗೆ ಹೋಲಿಸಿದರೆ 5 ವಾಟ್‌ನದು ಹತ್ತನೆಯ ಒಂದು ಭಾಗ ಜೋರಲ್ಲ, ಅರ್ಧದಷ್ಟು ಜೋರು. 15 ವಾಟ್ ಬಿಟ್ಟು 30 ವಾಟ್ ಕೊಳ್ಳುವವರು ಜೋರಿನ ಆಸೆಗೆ ಕೊಳ್ಳುತ್ತಿದ್ದರೆ ನಿರಾಶರಾಗುತ್ತಾರೆ.

ಇನ್ನೊಂದು ಲೆಕ್ಕ. ಗಿಟಾರ್ ಸ್ಪೀಕರ್‌ಗಳ ಸಂವೇದನೆಯನ್ನು 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆಯುತ್ತಾರೆ. 97 ಡೆಸಿಬಲ್ ಎಂಬುದು ಸಾಮಾನ್ಯ ಅಂಕಿ. ಅದಕ್ಕೆ 5 ವಾಟ್ ಕೊಟ್ಟರೆ ಸುಮಾರು 104. ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ನಿಯಾಷ್ ಸಂಸ್ಥೆ ಹಾಕಿರುವ ಮಿತಿಯಂತೆ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಡೆಸಿಬಲ್‌ನಲ್ಲಾದರೆ 15 ನಿಮಿಷ ಮಾತ್ರ. ಹಾಗಿರುವಾಗ 5 ವಾಟ್‌ನ ಆಂಪನ್ನು ಮಲಗುವ ಕೋಣೆಯ ಆಂಪ್ ಎಂದು ಕರೆದು ಮಾರುವುದು ನನಗೆ ಸರಿ ಕಾಣುವುದಿಲ್ಲ. ಮಲಗುವ ಕೋಣೆಯಲ್ಲಿ ಇದರ ನಾಬ್ ಒಂದೂವರೆಗಿಂತ ಮೇಲೆ ಹೋಗುವುದಿಲ್ಲ, ಒಂದೂವರೆಯಲ್ಲಿ ನಾನು ಹೇಳಿದ ಅಂಚು ಹತ್ತಿರಕ್ಕೂ ಬರುವುದಿಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ: ಸ್ಪೀಕರ್ ಬದಲಾಯಿಸಿದರೆ ವಾಟ್ ಬದಲಾಯಿಸಿದಂತೆಯೇ. 97ರ ಸ್ಪೀಕರ್ ತೆಗೆದು 100ರದ್ದನ್ನು ಹಾಕಿದರೆ 5 ವಾಟ್‌ನ ಆಂಪ್ 10 ವಾಟ್‌ನಷ್ಟು ಕೇಳಿಸುತ್ತದೆ. ಅಲ್ನಿಕೊ ಅಯಸ್ಕಾಂತದ ಸೆಲೆಶನ್ ಬ್ಲೂ ಎಂಬ ಸ್ಪೀಕರ್ 100ರ ಆಸುಪಾಸಿನದು, ತಡೆದುಕೊಳ್ಳುವುದು 15 ವಾಟ್ ಮಾತ್ರ. ಚಿಕ್ಕ ಆಂಪ್‌ಗೆ ಅದು ಸಾಕು. ಜೋರು ಹೆಚ್ಚಾಗದೆ ಅಂಚು ಬೇಗ ಬರಲಿ ಎನ್ನುವವರು ಕಡಿಮೆ ಸಂವೇದನೆಯ ಸ್ಪೀಕರ್ ಹುಡುಕಬೇಕು.

ಟ್ಯೂಬ್ ಒಡೆಯುವ ರೀತಿಯೇ ಏಕೆ ಹಿತವಾಗಿ ಕೇಳಿಸುತ್ತದೆ? ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಹೊಮ್ಮಿಸುತ್ತದೆ, ನೂರಾರು ವೋಲ್ಟ್ ಹೊತ್ತ ಪ್ಲೇಟ್ ಅವನ್ನು ಸೆಳೆಯುತ್ತದೆ, ನಡುವಿನ ಗ್ರಿಡ್ ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಗಿಟಾರ್‌ನ ಸಂಕೇತ ಹೋಗುವುದು ಗ್ರಿಡ್‌ಗೆ. ಸಂಕೇತ ಮಿತಿ ಮೀರಿದಾಗ ಅಲೆಯ ತಲೆ ಒಮ್ಮೆಗೇ ಚಪ್ಪಟೆಯಾಗುವುದಿಲ್ಲ, ಮೊದಲು ದುಂಡಗಾಗಿ ಆಮೇಲೆ ಚಪ್ಪಟೆಯಾಗುತ್ತದೆ. ಆ ದುಂಡಗಾಗುವ ಹಂತವೇ ನಾವು ಬಲಗೈಯಿಂದ ಆಡಿಸುವ ಜಾಗ. ಹೊರಬಂದ ಸಂಕೇತದ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಟ್ಟು ಒಡಕನ್ನು ತಗ್ಗಿಸುವ ನೆಗೆಟಿವ್ ಫೀಡ್‌ಬ್ಯಾಕ್ ಹೆಚ್ಚಾಗಿ ಬಳಸಿದ ಸರ್ಕಿಟ್‌ಗಳಲ್ಲಿ ಆ ಹಂತ ಕಿರಿದಾಗಿರುತ್ತದೆ: ಬಹಳ ಹೊತ್ತು ತಿಳಿ, ಆಮೇಲೆ ಇದ್ದಕ್ಕಿದ್ದಂತೆ ಒಡಕು. ಫೆಂಡರ್‌ನ ಟ್ವೀಡ್ ಡೀಲಕ್ಸ್, ಅಂದರೆ 1955ರ ನಂತರದ 5ಇ3 ಸರ್ಕಿಟ್‌ನಲ್ಲಿ ಆ ಫೀಡ್‌ಬ್ಯಾಕ್ ಇಲ್ಲವೇ ಇಲ್ಲ. ಅದಕ್ಕೇ ಅದು ಬೇಗ ಒಡೆಯುತ್ತದೆ, ನಿಧಾನವಾಗಿ ಒಡೆಯುತ್ತದೆ.

ನನ್ನ ಬಲಗಡೆ ಇರುವುದು ಆ 5ಇ3ಯ ಮಾದರಿಯದೇ. ಎರಡು 6ವಿ6, 12ರಿಂದ 15 ವಾಟ್, ಹನ್ನೆರಡು ಇಂಚಿನ ಒಂದು ಸ್ಪೀಕರ್. ಎಡಗಡೆಯ ಚಾಂಪ್‌ನಲ್ಲಿ ಅಲೆಯ ಎರಡೂ ಬದಿಯನ್ನು ಒಂದೇ ಟ್ಯೂಬ್ ಹೊರುತ್ತದೆ. ಹಾಗಾಗಿ ಮೇಲಿನ ಬದಿ ಒಂದು ಥರ, ಕೆಳಗಿನ ಬದಿ ಇನ್ನೊಂದು ಥರ ಒಡೆಯುತ್ತದೆ, ಎರಡನೆಯ ಹಾರ್ಮೋನಿಕ್ ಎದ್ದು ಬರುತ್ತದೆ. ಎರಡನೆಯ ಹಾರ್ಮೋನಿಕ್ ಎಂದರೆ ಮೂಲ ಸ್ವರದ ಮೇಲಿನ ಷಡ್ಜ. ಆದ್ದರಿಂದ ಸ್ವರ ದಪ್ಪಗಾದಂತೆ ಕೇಳಿಸುತ್ತದೆ. ಬಲಗಡೆಯದು ಪುಶ್-ಪುಲ್. ಇಬ್ಬರು ಎದುರುಬದುರಾಗಿ ಗರಗಸ ಎಳೆದಂತೆ ಎರಡು ಟ್ಯೂಬ್‌ಗಳು ಸರದಿಯಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ಅಲ್ಲಿ ಔಟ್‌ಪುಟ್ ಹಂತದ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಂಡು ಮೂರನೆಯದು ಮುಂದಾಗುತ್ತದೆ. ಅದು ಮೇಲಿನ ಸ್ಥಾಯಿಯ ಪಂಚಮ. ನಾದಕ್ಕೆ ಹರಿತ, ಹಲ್ಲು ಬರುತ್ತದೆ. ಒಂಟಿ ಸ್ವರಗಳ ಎಳೆತಕ್ಕೆ ಚಾಂಪ್ ಚೆಂದ. ಎರಡು ಮೂರು ತಂತಿ ಒಟ್ಟಿಗೆ ಮೀಟುವ, ತಾಳ ಹಿಡಿದು ನಡೆಯುವ ವಾದನಕ್ಕೆ ಡೀಲಕ್ಸ್ ಗಟ್ಟಿ.

ಡೀಲಕ್ಸ್‌ನಲ್ಲಿ ಇನ್ನೊಂದು ಗುಣವಿದೆ. ಜೋರಾಗಿ ಮೀಟಿದಾಗ ಔಟ್‌ಪುಟ್ ಟ್ಯೂಬ್‌ಗಳು ಹೆಚ್ಚು ಕರೆಂಟ್ ಎಳೆಯುತ್ತವೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್‌ನ ಒಳಗಿನ ತಡೆಯಿಂದಾಗಿ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಕಿವಿಗೆ ಅದು ಸ್ವರ ಮೊದಲು ಅದುಮಿ ಆಮೇಲೆ ಅರಳಿದಂತೆ ಕೇಳಿಸುತ್ತದೆ. ಸ್ಯಾಗ್ ಎಂದು ವಾದಕರು ಹೇಳುವುದು ಇದನ್ನೇ. ಚಾಂಪ್‌ನಂಥ ಒಂಟಿ ಟ್ಯೂಬಿನ ಆಂಪ್‌ನಲ್ಲಿ ಮೀಟಿದರೂ ಮೀಟದಿದ್ದರೂ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಈ ಗುಣ ಅಲ್ಲಿ ಅತ್ಯಲ್ಪ. ಟ್ಯೂಬ್ ರೆಕ್ಟಿಫೈಯರ್ ಇದೆ ಎಂಬ ಒಂದೇ ಕಾರಣಕ್ಕೆ 5 ವಾಟ್‌ನ ಆಂಪ್‌ಗೆ ಹೆಚ್ಚು ಹಣ ಕೊಡಬೇಡಿ.

ಸ್ಪೀಕರ್ ಮತ್ತು ಪೆಟ್ಟಿಗೆಯ ಬಗ್ಗೆ ಒಂದು ಪ್ರಯೋಗ. ಇದೇ ಚಾಂಪ್ ಅನ್ನು ಆಫ್ ಮಾಡಿ, ಅದರ ಎಂಟು ಇಂಚಿನ ಸ್ಪೀಕರ್ ಬಿಡಿಸಿ, ಡೀಲಕ್ಸ್‌ಗಿಂತಲೂ ದೊಡ್ಡದಾದ ಈ ಹನ್ನೆರಡು ಇಂಚಿನ ಕ್ಯಾಬಿನೆಟ್‌ಗೆ ಜೋಡಿಸುತ್ತೇನೆ. ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಎರಡಕ್ಕೂ ಒಂದೇ. (ಕೆಳಗಿನ ತಂತಿಯ ಅದೇ ನುಡಿಸಾಣಿಕೆ ಎಂಟು ಇಂಚಿನಲ್ಲಿ ಡಬ್ಬಿಯೊಳಗಿನಿಂದ ಬಂದಂತಿತ್ತು, ಮಂದ್ರ ಸ್ವರಗಳು ಸಡಿಲಗೊಂಡು ಗುಯ್‌ಗುಟ್ಟಿದವು, ದೊಡ್ಡ ಕ್ಯಾಬಿನೆಟ್‌ನಲ್ಲಿ ಅವೇ ಸ್ವರಗಳಿಗೆ ಮೈ ಬಂತು. ಸಭಿಕರಲ್ಲಿ ಹಲವರು ನಾಬ್ ತಿರುಗಿಸಿದ್ದೀರಾ ಎಂದು ಕೇಳಿದರು. ನಾಬ್ ಮುಟ್ಟಿರಲಿಲ್ಲ.) ಚಿಕ್ಕ ಆಂಪ್ ಇರುವವರು ಮುಂದಿನ ಹಣವನ್ನು ಇನ್ನೊಂದು ಆಂಪ್‌ಗೆ ಹಾಕುವ ಮೊದಲು ಒಂದು ಒಳ್ಳೆಯ ಕ್ಯಾಬಿನೆಟ್‌ಗೆ ಹಾಕಲಿ. ಇದು ನನ್ನ ಗಟ್ಟಿ ಸಲಹೆ. ಜೋಡಿಸುವಾಗ ಸ್ಪೀಕರ್ ಕೇಬಲ್ ಬಳಸಿ, ಗಿಟಾರ್ ಕೇಬಲ್ ಬೇಡ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಅನ್ನು ಚಾಲೂ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಟ್ಯೂಬ್‌ಗಳ ಜಾತಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 6ವಿ6 ಅಮೆರಿಕದ ಚಿಕ್ಕ ಆಂಪ್‌ಗಳ ದನಿ: ದುಂಡು, ಬೆಚ್ಚಗಿನದು. ಇಎಲ್84 ಬ್ರಿಟನ್ನಿನ ದನಿ: ಹೊಳಪು ಹೆಚ್ಚು, ಮೇಲಿನ ಸ್ವರಗಳಲ್ಲಿ ಗಂಟೆಯ ನಾದ. ವಾಕ್ಸ್ ಕಂಪನಿಯ ಎಸಿ15 ಆಂಪ್ ನಡೆಯುವುದು ಎರಡು ಇಎಲ್84ಗಳ ಮೇಲೆ. ಅಮೆರಿಕದ್ದಾದರೂ ಫೆಂಡರ್ ಬ್ಲೂಸ್ ಜೂನಿಯರ್ ನಡೆಯುವುದೂ ಅವುಗಳ ಮೇಲೆಯೇ. ಮುಂಭಾಗದ 12ಎಎಕ್ಸ್7ನ ವರ್ಧನಾಂಕ, ಅಂದರೆ ಸಂಕೇತವನ್ನು ಹಿಗ್ಗಿಸುವ ಶಕ್ತಿಯ ಅಳತೆ, 100. ಆಂಪ್ ನಿಮಗೆ ಬೇಕಾದುದಕ್ಕಿಂತ ಬೇಗ ಒಡೆಯುತ್ತಿದ್ದರೆ ಅದೇ ಸಾಕೆಟ್‌ಗೆ 70ರ 5751 ಅಥವಾ ಸುಮಾರು 44ರ 12ಎವೈ7 ಹಾಕಿ ನೋಡಿ. ಮೂಲ 5ಇ3ಯ ಮೊದಲ ಟ್ಯೂಬ್ 12ಎವೈ7 ಆಗಿತ್ತು. ಕಡಿಮೆ ಖರ್ಚಿನಲ್ಲಿ ಆಂಪ್‌ನ ಸ್ವಭಾವ ತಿದ್ದುವ ದಾರಿ ಇದು.

ಹಾಗಾದರೆ ಮನೆಯಲ್ಲಿ ಮೆಲ್ಲಗೆ ನುಡಿಸುವವರ ಗತಿ ಏನು? ಮಾಸ್ಟರ್ ವಾಲ್ಯೂಮ್ ಇರುವ ಆಂಪ್‌ಗಳಲ್ಲಿ ಮುಂಭಾಗದ ಟ್ಯೂಬ್‌ಗಳನ್ನು ಒಡೆಯಿಸಿ ಹಿಂಭಾಗವನ್ನು ತಗ್ಗಿಸಿಡಬಹುದು. ನಾದ ಒಡೆಯುತ್ತದೆ, ನಿಜ. ಆದರೆ ಔಟ್‌ಪುಟ್ ಟ್ಯೂಬ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ಆರಾಮವಾಗಿ ಕುಳಿತಿರುವುದರಿಂದ ಆ ಒಡಕಿನಲ್ಲಿ ಜೇನುನೊಣದ ಝೇಂಕಾರ ಜಾಸ್ತಿ, ಎದೆಯ ದನಿ ಕಡಿಮೆ. ಅಟೆನ್ಯುಯೇಟರ್ ಎಂಬ ಉಪಕರಣ ಆಂಪ್ ಮತ್ತು ಸ್ಪೀಕರ್ ನಡುವೆ ಕುಳಿತು ಶಕ್ತಿಯನ್ನು ಶಾಖವಾಗಿ ಮಾಡಿ ಕಳೆಯುತ್ತದೆ. ಮೂರರಿಂದ ಆರು ಡೆಸಿಬಲ್ ಇಳಿಸಲು ಅದು ಬಹಳ ಒಳ್ಳೆಯದು. ಇಪ್ಪತ್ತು ಇಳಿಸಿದರೆ ಸ್ಪೀಕರ್‌ನ ಕೋನ್ ಅಷ್ಟಾಗಿ ಅಲುಗಾಡುವುದಿಲ್ಲ, ಬೆರಳಿಗೂ ದನಿಗೂ ನಡುವಿನ ಸಂಬಂಧ ಕಡಿದುಹೋಗುತ್ತದೆ. ಇದಲ್ಲದೆ ನಮ್ಮ ಕಿವಿಯದೇ ಒಂದು ಗುಣವಿದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿ ತೋರಿಸಿದಂತೆ, ಧ್ವನಿ ತಗ್ಗಿದಾಗ ಮಂದ್ರ ಸ್ವರಗಳು ಮಧ್ಯದ ಸ್ವರಗಳಿಗಿಂತ ಹೆಚ್ಚು ಕ್ಷೀಣವಾಗಿ ಕೇಳಿಸುತ್ತವೆ. ಯಾವ ಆಂಪ್ ತಂದರೂ ರಾತ್ರಿಯ ಮೆಲುದನಿಯಲ್ಲಿ ಕ್ಲಬ್ಬಿನ ನಾದ ಪೂರ್ತಿ ಸಿಗುವುದಿಲ್ಲ. ಒಂದು ವಾಟ್ ಅಥವಾ ಅದಕ್ಕೂ ಕಡಿಮೆಗೆ ಇಳಿಸುವ ಸ್ವಿಚ್ ಇರುವ ಆಂಪ್ ಆರಿಸಿ, ಬಾಸ್ ಸ್ವಲ್ಪ ಏರಿಸಿಕೊಂಡು ನುಡಿಸುವುದು ಒಳ್ಳೆಯ ದಾರಿ.

ಡ್ರಮ್ ಜೊತೆ ನುಡಿಸುವವರಿಗೆ 12ರಿಂದ 22 ವಾಟ್ ಎಂಬುದು ನನ್ನ ಲೆಕ್ಕ. 22 ವಾಟ್‌ನ ಫೆಂಡರ್ ಡೀಲಕ್ಸ್ ರಿವರ್ಬ್ ತಿಳಿ ನಾದಕ್ಕೆ ಹೆಚ್ಚು ಜಾಗ ಕೊಡುತ್ತದೆ, ಆದರೆ 1960ರ ದಶಕದ ಆ ಸರ್ಕಿಟ್‌ಗಳಲ್ಲಿ ಮಧ್ಯದ ಸ್ವರಗಳು ಸ್ವಲ್ಪ ಒಳಸರಿದಿರುತ್ತವೆ. ಬ್ಲೂಸ್ ಮಾತಾಡುವುದು ಮಧ್ಯದ ಸ್ವರಗಳಲ್ಲಿ. ಟ್ವೀಡ್ ಮಾದರಿ ನನಗೆ ಹೆಚ್ಚು ಇಷ್ಟವಾಗುವುದು ಅದಕ್ಕಾಗಿ. ರಿವರ್ಬ್, ಅಂದರೆ ದನಿಗೆ ಅನುರಣನ ಸೇರಿಸುವ ಸೌಲಭ್ಯ ಬೇಕು, ತಿಳಿ ಬೇಕು, ಹೊರುವ ಭಾರ ಕಡಿಮೆ ಇರಲಿ ಎನ್ನುವವರಿಗೆ ಹತ್ತು ಇಂಚಿನ ಸ್ಪೀಕರ್‌ನ ಪ್ರಿನ್ಸ್‌ಟನ್ ರಿವರ್ಬ್ ಒಳ್ಳೆಯ ನಡುದಾರಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಮಾಸ್ಟರ್ ಇದ್ದರೆ ಪೂರ್ತಿ ತೆರೆದಿಡಿ. ಬಲವಾಗಿ ಮೀಟಿದಾಗ ಮಾತ್ರ ಒಡೆಯುವ ಜಾಗ ಸಿಗುವವರೆಗೆ ವಾಲ್ಯೂಮ್ ಏರಿಸಿ, ಅಲ್ಲಿ ನಿಲ್ಲಿಸಿ. ಈ ಜೋರು ನಾನು ನುಡಿಸುವ ಜಾಗಕ್ಕೆ ಹೊಂದುತ್ತದೆಯೇ? ಹೊಂದದಿದ್ದರೆ ಹೆಸರು ಎಷ್ಟೇ ದೊಡ್ಡದಿರಲಿ, ಮುಂದಿನ ಆಂಪ್‌ಗೆ ಹೋಗಿ. ಹೊಂದಿದರೆ ಗಿಟಾರ್ ವಾಲ್ಯೂಮನ್ನು ಐದಕ್ಕೆ ಇಳಿಸಿ ಕೇಳಿ. ದನಿ ತಿಳಿಯಾಗಬೇಕು, ಮಂಕಾಗಬಾರದು. ಎರಡು ತಂತಿ ಒಟ್ಟಿಗೆ ಮೀಟಿದಾಗ ಎರಡೂ ಸ್ವರ ಬೇರೆಬೇರೆಯಾಗಿ ಕೇಳಿಸಬೇಕು. ಕೊನೆಗೆ ಒಂದು ಸ್ವರವನ್ನು ಪೂರ್ತಿ ಅಡಗುವವರೆಗೂ ಬಿಟ್ಟು ಆಲಿಸಿ. ಬಾಲದಲ್ಲಿ ಚಿರಿಚಿರಿ ಸದ್ದು ಬಂದರೆ ಟ್ಯೂಬ್, ಬಯಾಸ್ (ಟ್ಯೂಬ್‌ನಲ್ಲಿ ಸದಾ ಹರಿಯುವ ಕರೆಂಟಿನ ಹೊಂದಿಕೆ) ಅಥವಾ ಸ್ಪೀಕರ್‌ನಲ್ಲಿ ಏನೋ ಸರಿಯಿಲ್ಲ.

ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಟ್ಯೂಬ್ ಇಲ್ಲದೆ ಬ್ಲೂಸ್ ಸಾಧ್ಯವೇ ಇಲ್ಲವೇ ಎಂದು ಒಬ್ಬರು ಕೇಳಿದರು. ಖಂಡಿತ ಸಾಧ್ಯ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರು ದೀರ್ಘಕಾಲ ಬಳಸಿದ ಲ್ಯಾಬ್ ಸೀರೀಸ್ ಎಲ್5 ಟ್ಯೂಬ್ ಇಲ್ಲದ, ಟ್ರಾನ್ಸಿಸ್ಟರ್‌ಗಳ 100 ವಾಟ್ ಆಂಪ್. ಅವರ ನಾದ ನಿಂತಿದ್ದುದು ತಂತಿ ಒತ್ತುವ ಬೆರಳುಗಳ ಕಂಪನದಲ್ಲಿ, ಎರಡು ಸ್ವರಗಳ ನಡುವೆ ಅವರು ಬಿಡುತ್ತಿದ್ದ ಮೌನದಲ್ಲಿ. ಅವರಿಗೆ ಬೇಕಿದ್ದುದು ದೊಡ್ಡದಾದ, ತಿಳಿಯಾದ ದನಿ. ಇಂದು ನಾನು ಮಾತಾಡಿದ್ದು ಶಿಕಾಗೊದ ಒರಟು ದನಿಯನ್ನು ಹುಡುಕುವವರಿಗೆ. ಎರಡೂ ಬ್ಲೂಸ್.

ಹಳೆಯ ಆಂಪ್ ಸಿಕ್ಕರೆ ಕೊಳ್ಳಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಕೊಳ್ಳಬಹುದು, ಆದರೆ ಮೊದಲು ನೋಡಬೇಕಾದುದು ನಾದವನ್ನಲ್ಲ. ಆ ಕಾಲದ ಅಮೆರಿಕದ ಆಂಪ್‌ಗಳಲ್ಲಿ ಎರಡೇ ಪಿನ್ನಿನ ಪ್ಲಗ್ ಇರುತ್ತಿತ್ತು, ಅರ್ಥಿಂಗ್ ಇರುತ್ತಿರಲಿಲ್ಲ. ಹಲವು ಆಂಪ್‌ಗಳಲ್ಲಿ ಮೈನ್ಸ್ ತಂತಿಯಿಂದ ನೇರವಾಗಿ ಲೋಹದ ಚಾಸಿಗೆ ಒಂದು ಕೆಪಾಸಿಟರ್ ಜೋಡಿಸಿರುತ್ತಿದ್ದರು. ಅದು ಕೆಟ್ಟರೆ ಗಿಟಾರ್‌ನ ತಂತಿಗಳಿಗೇ ಮೈನ್ಸ್ ವೋಲ್ಟೇಜ್ ಬರಬಹುದು. ಅದನ್ನು ತೆಗೆಸಿ, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಹಾಕಿಸಬೇಕು. ಗುಂಯ್ ಎನ್ನುವ ಹಮ್ ಹೆಚ್ಚಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಇದೆ, ಅವನ್ನೂ ಬದಲಿಸಬೇಕು. ಆಂಪ್ 120 ವೋಲ್ಟ್‌ಗೆ ಮಾಡಿದ್ದೋ 230ಕ್ಕೋ ಎಂಬುದನ್ನು ಹಿಂಬದಿಯ ಫಲಕದಲ್ಲಿ ಓದಿಕೊಳ್ಳಬೇಕು. ಇವನ್ನೆಲ್ಲ ನೀವೇ ತೆರೆದು ಮಾಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಟ್ಯೂಬ್ ಆಂಪ್ ರಿಪೇರಿಯ ಅನುಭವ ಇರುವವರ ಕೈಗೆ ಕೊಟ್ಟು, ಅವರು ಪರೀಕ್ಷಿಸಿ ಸರಿ ಎಂದ ಮೇಲೆಯೇ ಗಿಟಾರ್ ಜೋಡಿಸಿ.